ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ: 1991ರ ಮಿಯಾಟಾ ಕಾರಿನ ಪೆಟ್ರೋಲ್ ಪಂಪ್ ಪ್ರಕರಣ

ಏಪ್ರಿಲ್ ಮೊದಲ ಶನಿವಾರ ಬೆಳಿಗ್ಗೆ ಭಾವ ಫೋನ್ ಮಾಡಿದರು. "ಕಾರ್ ಸ್ಟಾರ್ಟ್ ಆಗ್ತಿಲ್ಲ ಕಣೋ. ಪೆಟ್ರೋಲ್ ಪಂಪ್ ಹೋಗಿದೆ. ಹೊಸದು ಆರ್ಡರ್ ಮಾಡಿದೀನಿ, ನಾಳೆ ಬರುತ್ತೆ. ಬಂದು ಹಾಕ್ಕೊಡ್ತೀಯಾ?"

(ಇಲ್ಲಿ ಪೆಟ್ರೋಲ್ ಪಂಪ್ ಅಂದರೆ ಬಂಕ್ ಅಲ್ಲ, ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಸಣ್ಣ ಮೋಟರ್ ಪಂಪು.) ಪಂಪೇ ಹೋಗಿದೆ ಅಂತ ಹೇಗೆ ಗೊತ್ತಾಯ್ತು ಭಾವ ಅಂತ ಕೇಳಿದೆ. "ಕೀ ಆನ್ ಮಾಡಿದ್ರೆ ಹಿಂದಿನಿಂದ ಗುಂಯ್ ಅಂತ ಸದ್ದು ಬರಬೇಕಲ್ವಾ, ಬರ್ತಿಲ್ಲ" ಅಂದರು.

ಅವರ ತೀರ್ಮಾನ ಕೊನೆಗೆ ಸರಿಯಾಗೇ ಇತ್ತು. ಆದರೆ ಕೊಟ್ಟ ಕಾರಣ ತಪ್ಪು. ಅದನ್ನೇ ನಂಬಿಕೊಂಡು ಪಂಪ್ ಒಂದನ್ನೇ ಬದಲಾಯಿಸಿದ್ದರೆ ಹೊಸ ಪಂಪಿಗೂ ಅದೇ ಗತಿ ಆಗುತ್ತಿತ್ತು. ಅದಕ್ಕೇ ಇದನ್ನು ಮೊದಲಿನಿಂದ ಕೊನೆವರೆಗೆ ಬರೆಯುತ್ತಿದ್ದೇನೆ.

ಕಾರು 1991ರ ಮಾಜ್ದಾ ಎಂಎಕ್ಸ್-5, ಅಮೆರಿಕದಲ್ಲಿ ಎಲ್ಲರೂ ಮಿಯಾಟಾ ಅಂತಲೇ ಕರೆಯುವುದು. ಎರಡೇ ಸೀಟು, ಬಟ್ಟೆಯ ಟಾಪು, ಕಣ್ಣು ತೆರೆದ ಹಾಗೆ ಮೇಲೆದ್ದು ಬರುವ ಹೆಡ್‌ಲೈಟು, 1.6 ಲೀಟರ್ ನಾಲ್ಕು ಸಿಲಿಂಡರ್ ಎಂಜಿನ್, ತೂಕ ಸಾವಿರ ಕೆಜಿಗಿಂತ ಕಮ್ಮಿ. 1989ರ ಷಿಕಾಗೋ ಆಟೋ ಶೋನಲ್ಲಿ ಮೊದಲು ಕಾಣಿಸಿಕೊಂಡ ಮಾದರಿ ಇದು. ಭಾವ ಇರುವುದು ಡೆಟ್ರಾಯಿಟ್ ಹತ್ತಿರ. ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಹಳೇ ಕಾರಿನ ತಳವನ್ನು ತಿಂದುಹಾಕುತ್ತದೆ. ಹಾಗಾಗಿ ನವೆಂಬರ್‌ನಲ್ಲಿ ಹೊದಿಕೆ ಹಾಕಿ ನಿಲ್ಲಿಸಿದ ಕಾರನ್ನು ಅವರು ಮತ್ತೆ ತೆಗೆಯುವುದು ಏಪ್ರಿಲ್‌ನಲ್ಲೇ. ಒಂಬತ್ತು ವರ್ಷದಿಂದ ಇದೇ ರೂಢಿ.

ಸ್ಪ್ಯಾನರ್ ಮುಟ್ಟುವ ಮೊದಲು ಕೂತು ಮಾತಾಡಿದೆ. ಡಾಕ್ಟರು ನಾಡಿ ಹಿಡಿಯುವ ಮುಂಚೆ ನಾಲ್ಕು ಪ್ರಶ್ನೆ ಕೇಳುವುದಿಲ್ಲವೇ, ಹಾಗೆ. ಹೋದ ವರ್ಷ ನಿಲ್ಲಿಸುವ ಮುಂಚೆ ಹೇಗೆ ಓಡುತ್ತಿತ್ತು? ಆಗ ಒಂದೊಂದೇ ಹೊರಬಂತು. ಸೆಪ್ಟೆಂಬರ್‌ನಲ್ಲಿ ಐ-96 ಹೆದ್ದಾರಿಯಲ್ಲಿ ಹೋಗುವಾಗ 4,500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ದಾಟಿದರೆ ಪಿಕಪ್ ಸತ್ತ ಹಾಗೆ ಆಗುತ್ತಿತ್ತಂತೆ. ಕಾಲು ತೆಗೆದರೆ ಸರಿಹೋಗುತ್ತಿತ್ತು. ಬಿಸಿ ಇದ್ದಾಗ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಸೆಲ್ಫ್ ಜಾಸ್ತಿ ಹೊತ್ತು ಹೊಡೆಯಬೇಕಾಗುತ್ತಿತ್ತು. ಒಂದು ವರ್ಕ್‌ಶಾಪಿಗೆ ತೋರಿಸಿದ್ದರು. ಅವರು ಪ್ಲಗ್ಗು, ಪ್ಲಗ್ ವೈರು ಬದಲಾಯಿಸಿ 380 ಡಾಲರ್ ಬಿಲ್ ಕೊಟ್ಟಿದ್ದರು. ತೊಂದರೆ ಹಾಗೇ ಉಳಿಯಿತು. ಅಷ್ಟರಲ್ಲಿ ಚಳಿ ಬಂತು, ಅರ್ಧ ಟ್ಯಾಂಕ್ ಪೆಟ್ರೋಲ್ ಇದ್ದ ಹಾಗೇ ನಿಲ್ಲಿಸಿಬಿಟ್ಟರು.

ಈ "ಅರ್ಧ ಟ್ಯಾಂಕ್" ಅನ್ನುವ ಮಾತನ್ನು ನಾನು ಆಗಲೇ ಬರೆದಿಟ್ಟುಕೊಂಡೆ. ಅದು ಕೊನೆಗೆ ಬೇಕಾಯಿತು.

ಇನ್ನು ಪರೀಕ್ಷೆ. ಕ್ಲಚ್ ಒತ್ತಿ ಕೀ ತಿರುಗಿಸಿದರೆ ಸೆಲ್ಫ್ ಚೆನ್ನಾಗಿ ಎತ್ತುತ್ತಿತ್ತು. ಈ ಕಾರಿನ ಬ್ಯಾಟರಿ ಡಿಕ್ಕಿಯಲ್ಲಿದೆ. ನಿಂತಾಗ 12.5 ವೋಲ್ಟ್, ಸೆಲ್ಫ್ ಹೊಡೆಯುವಾಗ 10.6. ಅಂದರೆ ಬ್ಯಾಟರಿ, ಸೆಲ್ಫ್ ಎರಡೂ ಸರಿ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ನೋಡಿ ಅಂತ ಭಾವನಿಗೆ ಹೇಳಿದೆ. ಮುಳ್ಳು ಸ್ವಲ್ಪ ಕುಣಿಯುತ್ತಿತ್ತು. ಅದು ಕುಣಿದರೆ ಎಂಜಿನ್ ತಿರುಗುವುದನ್ನು ಗುರುತಿಸುವ ಸೆನ್ಸರ್ ಬದುಕಿದೆ ಅಂತ ಲೆಕ್ಕ. ಒಂದು ಹಳೇ ಪ್ಲಗ್ ತೆಗೆದುಕೊಂಡು ಒಂದನೇ ಸಿಲಿಂಡರಿನ ವೈರಿಗೆ ಸಿಕ್ಕಿಸಿ ಎಂಜಿನ್ನಿಗೆ ತಾಗಿಸಿ ಹಿಡಿದಾಗ ನೀಲಿ ಕಿಡಿ ಟಪ್ ಟಪ್ ಅಂತ ಹಾರಿತು. ಸೈಲೆನ್ಸರ್ ಹತ್ತಿರ ಮೂಗಿಟ್ಟರೆ ಪೆಟ್ರೋಲ್ ವಾಸನೆಯೇ ಇಲ್ಲ. ಅಷ್ಟು ಹೊತ್ತು ಸೆಲ್ಫ್ ಹೊಡೆದ ಕಾರಿನಲ್ಲಿ ಹಸಿ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯಬೇಕಿತ್ತು.

ಕಿಡಿ ಇದೆ, ಪೆಟ್ರೋಲ್ ಇಲ್ಲ ಅನ್ನುವ ಅನುಮಾನ. ಅದನ್ನು ಗಟ್ಟಿ ಮಾಡಿಕೊಳ್ಳಲು ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಕವಾಟ) ಪಕ್ಕದ ಒಂದು ಸಣ್ಣ ವ್ಯಾಕ್ಯೂಮ್ ಪೈಪ್ ಬಿಚ್ಚಿ, ಸ್ಟಾರ್ಟಿಂಗ್ ಸ್ಪ್ರೇಯನ್ನು ಒಂದೇ ಒಂದು ಸೆಕೆಂಡ್ ಒಳಗೆ ಬಿಟ್ಟೆ. ಪೈಪ್ ವಾಪಸ್ ಹಾಕಿ ಸೆಲ್ಫ್ ಹೊಡೆದರೆ ಎಂಜಿನ್ ಭುರ್ ಅಂತ ಹಿಡಿದು ಎರಡು ಸೆಕೆಂಡ್ ಓಡಿ ನಿಂತಿತು. ಈ ಎರಡು ಸೆಕೆಂಡಿನಲ್ಲಿ ಬಹಳ ವಿಷಯ ಇತ್ಯರ್ಥ ಆಯಿತು. ಕಿಡಿ ಸರಿ, ಟೈಮಿಂಗ್ ಸರಿ, ಕಂಪ್ರೆಷನ್ ಸರಿ. ಬಾಕಿ ಉಳಿದಿದ್ದು ಪೆಟ್ರೋಲ್ ಮಾತ್ರ. (ಸ್ಪ್ರೇ ಜಾಸ್ತಿ ಹೊಡೆಯಬೇಡಿ, ಎಂಜಿನ್ನಿಗೂ ಒಳ್ಳೆಯದಲ್ಲ, ನಿಮ್ಮ ಮುಖಕ್ಕೂ ಒಳ್ಳೆಯದಲ್ಲ.)

"ನಾನು ಹೇಳ್ಲಿಲ್ವಾ, ಪಂಪೇ" ಅಂದರು ಭಾವ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈಗಿನ ಹೆಚ್ಚಿನ ಕಾರುಗಳಲ್ಲಿ ಕೀ ಆನ್ ಮಾಡಿದ ತಕ್ಷಣ ಪಂಪ್ ಎರಡು ಸೆಕೆಂಡ್ ಓಡಿ ಲೈನಿನಲ್ಲಿ ಒತ್ತಡ ತುಂಬಿ ನಿಲ್ಲುತ್ತದೆ. ಆ ಸದ್ದು ಎಲ್ಲರಿಗೂ ಪರಿಚಯ. ಆದರೆ 1.6 ಲೀಟರಿನ ಈ ಹಳೇ ಮಿಯಾಟಾ ಹಾಗೆ ಮಾಡುವುದೇ ಇಲ್ಲ, ಹೊಸದಾಗಿದ್ದಾಗಲೂ ಮಾಡುತ್ತಿರಲಿಲ್ಲ. ಇದರಲ್ಲಿ ಗಾಳಿ ಅಳೆಯುವ ಮೀಟರಿನೊಳಗೆ ಬಾಗಿಲಿನ ಹಾಗೆ ಒಂದು ರೆಕ್ಕೆ ಇದೆ. ಎಂಜಿನ್ ಗಾಳಿ ಎಳೆದುಕೊಂಡಾಗ ರೆಕ್ಕೆ ತೆರೆಯುತ್ತದೆ, ತೆರೆದಾಗ ಒಂದು ಸ್ವಿಚ್ ಒತ್ತಿ ಪಂಪಿನ ರಿಲೇಗೆ, ಅಂದರೆ ಪಂಪಿಗೆ ಕರೆಂಟ್ ಬಿಡುವ ವಿದ್ಯುತ್ ಸ್ವಿಚ್ಚಿಗೆ, ಆಜ್ಞೆ ಹೋಗುತ್ತದೆ. ಸೆಲ್ಫ್ ಹೊಡೆಯುವಾಗ ಮಾತ್ರ ಬೇರೆ ದಾರಿಯಿಂದ ಆಜ್ಞೆ ಬರುತ್ತದೆ. ಎಂಜಿನ್ ನಿಂತರೆ ರೆಕ್ಕೆ ಮುಚ್ಚುತ್ತದೆ, ಪಂಪೂ ನಿಲ್ಲುತ್ತದೆ. ಅಪಘಾತ ಆಗಿ ಪೈಪ್ ಹರಿದರೂ ಪೆಟ್ರೋಲ್ ಸುರಿಯುತ್ತಾ ಹೋಗಬಾರದಲ್ಲ, ಒಳ್ಳೆಯ ಏರ್ಪಾಡು. ಹಾಗಾಗಿ ಕೀ ಆನ್ ಮಾಡಿ ಕಿವಿಗೊಟ್ಟು ಈ ಕಾರಿನ ಪಂಪ್ ಬಗ್ಗೆ ಏನೂ ಹೇಳಲು ಬರುವುದಿಲ್ಲ. ಸೆಲ್ಫ್ ಹೊಡೆಯುವಾಗ ಕೇಳೋಣ ಅಂದರೆ ಸೆಲ್ಫ್ ಗಲಾಟೆಯಲ್ಲಿ ಪಂಪ್ ಸದ್ದು ಕೇಳುವುದೇ ಕಷ್ಟ.

ಅದಕ್ಕೆ ಮಾಜ್ದಾದವರೇ ಒಂದು ದಾರಿ ಇಟ್ಟಿದ್ದಾರೆ. ಬಾನೆಟ್ ಅಡಿ ಡ್ರೈವರ್ ಕಡೆ ಒಂದು ಪುಟ್ಟ ಡಯಾಗ್ನೋಸಿಸ್ ಡಬ್ಬಿ ಇದೆ. ಮುಚ್ಚಳದ ಒಳಗಡೆ ಯಾವ ತೂತು ಯಾವುದು ಅಂತ ಬರೆದಿದೆ. ಅದರಲ್ಲಿ ಎಫ್/ಪಿ (ಫ್ಯುಯೆಲ್ ಪಂಪ್) ಮತ್ತು ಜಿಎನ್‌ಡಿ (ಗ್ರೌಂಡ್, ಅಂದರೆ ಅರ್ತ್) ಎರಡನ್ನೂ ಒಂದು ತುಂಡು ವೈರಿನಿಂದ ಜೋಡಿಸಿ ಕೀ ಆನ್ ಮಾಡಿದರೆ ಪಂಪ್ ಸುಮ್ಮನೆ ಓಡುತ್ತಾ ಇರಬೇಕು. ಜೋಡಿಸಿದೆ. ಭಾವ ಸೀಟಿನ ಹಿಂದೆ ಕಿವಿ ಇಟ್ಟುಕೊಂಡು ಕೂತಿದ್ದರು. ಸದ್ದಿಲ್ಲ. ನಾನು ಡ್ಯಾಶ್‌ಬೋರ್ಡ್ ಅಡಿ ಕೈ ಹಾಕಿ ರಿಲೇ ಹಿಡಿದುಕೊಂಡು ಭಾವನಿಗೆ ಕೀ ಆಫ್ ಆನ್ ಮಾಡಲು ಹೇಳಿದೆ. ಬೆರಳಿಗೆ ಟಿಕ್ ಅಂತ ತಾಗಿತು. ರಿಲೇ ಎಳೆಯುತ್ತಿದೆ. ಆದರೂ ಪಂಪ್ ಓಡುತ್ತಿಲ್ಲ.

ಈಗ ಎರಡೇ ಸಾಧ್ಯತೆ. ಕರೆಂಟ್ ಪಂಪಿನವರೆಗೆ ಹೋಗುತ್ತಿಲ್ಲ, ಇಲ್ಲಾ ಕರೆಂಟ್ ಹೋದರೂ ಪಂಪ್ ತಿರುಗುತ್ತಿಲ್ಲ. ಜನ ದುಡ್ಡು ಕಳೆದುಕೊಳ್ಳುವುದು ಇದೇ ಜಾಗದಲ್ಲಿ. ರಿಲೇ ಒಳಗಿನ ಪಾಯಿಂಟ್ ಸುಟ್ಟಿರಬಹುದು, ಕನೆಕ್ಟರ್ ಹಸಿರುಗಟ್ಟಿರಬಹುದು, ಅರ್ತ್ ತುಕ್ಕು ಹಿಡಿದಿರಬಹುದು. ಇದ್ಯಾವುದೇ ಆಗಿದ್ದರೂ ಹೊಸ ಪಂಪ್ ಹಾಕಿದ ಮೇಲೂ ಕಾರು ಹಾಗೇ ನಿಂತಿರುತ್ತಿತ್ತು.

ಮುಂದಿನ ಕೆಲಸ ಟ್ಯಾಂಕ್ ಹತ್ತಿರ, ಹಾಗಾಗಿ ಗೇರ್ ನ್ಯೂಟ್ರಲ್ ಮಾಡಿ ಇಬ್ಬರೂ ತಳ್ಳಿ ಕಾರನ್ನು ಗ್ಯಾರೇಜಿನಿಂದ ಆಚೆ ಅಂಗಳಕ್ಕೆ ತಂದೆವು. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡೆ. ಮುಚ್ಚಿದ ಗ್ಯಾರೇಜಿನಲ್ಲಿ ಪೆಟ್ರೋಲ್ ಟ್ಯಾಂಕ್ ತೆರೆಯುವವರನ್ನು ನೋಡಿದರೆ ನನಗೆ ನಿಜಕ್ಕೂ ಭಯ ಆಗುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿಕೊಂಡು ಹೋಗುತ್ತದೆ.

ಮಿಯಾಟಾದಲ್ಲಿ ಟ್ಯಾಂಕ್ ಇರುವುದು ಸೀಟುಗಳ ಹಿಂದೆ. ಅಲ್ಲಿನ ಕಾರ್ಪೆಟ್ ಎತ್ತಿ, ತಗಡಿನ ಮುಚ್ಚಳ ಬಿಚ್ಚಿದರೆ ಪಂಪಿನ ಕನೆಕ್ಟರ್ ಕೈಗೆ ಸಿಗುತ್ತದೆ. ಡಯಾಗ್ನೋಸಿಸ್ ಡಬ್ಬಿಯ ತುಂಡು ವೈರು ಹಾಗೇ ಇತ್ತು. ಕನೆಕ್ಟರ್ ಬಿಡಿಸಿ, ಕೀ ಆನ್ ಮಾಡಿಸಿ ಮಲ್ಟಿಮೀಟರ್ ಇಟ್ಟೆ. 12.1 ವೋಲ್ಟ್.

"ಕರೆಂಟ್ ಬರ್ತಿದೆ ನೋಡು" ಅಂದರು ಭಾವ. ನಾನು ಅವರ ತೋಟದ ಪಂಪ್‌ಸೆಟ್ ನೆನಪಿಸಿದೆ. ಅವರು ಅರಸೀಕೆರೆ ಕಡೆಯವರು, ತೆಂಗಿನ ತೋಟದಲ್ಲಿ ಬೆಳೆದವರು. ಸ್ಟಾರ್ಟರ್ ಡಬ್ಬಿಯಲ್ಲಿ ಟೆಸ್ಟರ್ ಇಟ್ಟರೆ ದೀಪ ಉರಿಯುತ್ತದೆ, ಮೋಟರ್ ಮಾತ್ರ ಎತ್ತುವುದಿಲ್ಲ, ಯಾಕೆ ಹೇಳಿ ಭಾವ ಅಂದೆ. ತಕ್ಷಣ ಅರ್ಥವಾಯಿತು ಅವರಿಗೆ. "ಲೋಡ್ ಬಿದ್ರೆ ಬಿದ್ದೋಗುತ್ತೆ." ಅಷ್ಟೇ ವಿಷಯ. ಮಲ್ಟಿಮೀಟರ್ ಎಳೆದುಕೊಳ್ಳುವ ಕರೆಂಟ್ ಇಲ್ಲವೆನ್ನುವಷ್ಟು ಕಮ್ಮಿ. ತುಕ್ಕು ಹಿಡಿದ ಒಂದೇ ಒಂದು ಎಳೆ ಉಳಿದಿದ್ದರೂ ಅದು 12 ವೋಲ್ಟ್ ತೋರಿಸುತ್ತದೆ. ಪಂಪಿಗೆ ಬೇಕಾಗುವುದು ನಾಲ್ಕೈದು ಆಂಪ್ಸ್.

ಹಾಗಾಗಿ ಪಂಪ್ ಜಾಗದಲ್ಲಿ ಒಂದು ಹಳೇ ಹೆಡ್‌ಲೈಟ್ ಬಲ್ಬ್ ಜೋಡಿಸಿದೆ. 55 ವ್ಯಾಟ್ ಬಲ್ಬ್ ಸುಮಾರು ನಾಲ್ಕೂವರೆ ಆಂಪ್ಸ್ ಎಳೆಯುತ್ತದೆ, ಪಂಪ್ ಎಳೆಯುವಷ್ಟೇ. ಕೀ ಆಫ್ ಇದ್ದಾಗಲೇ ಕ್ಲಿಪ್ ಹಾಕಿದೆ. ಟ್ಯಾಂಕ್ ಮೇಲೆ ಕಿಡಿ ಹಾರಬಾರದು ಅಂತ ವೈರ್ ಉದ್ದ ಮಾಡಿಕೊಂಡು ಬಲ್ಬನ್ನು ಕಾರಿನ ಆಚೆ ಇಟ್ಟಿದ್ದೆ. ಆಮೇಲೆ ಕೀ ಆನ್. ಬಲ್ಬ್ ಹಗಲಲ್ಲೂ ಕಣ್ಣು ಕುಕ್ಕುವಷ್ಟು ಉರಿಯಿತು. ಉರಿಯುತ್ತಿರುವಾಗಲೇ ಅಳೆದರೆ 11.6 ವೋಲ್ಟ್. ರಿಲೇ, ವೈರು, ಕನೆಕ್ಟರ್, ಅರ್ತ್ ಎಲ್ಲಾ ಒಂದೇ ಏಟಿಗೆ ಪಾಸ್. ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಇಷ್ಟವಾದ ಪರೀಕ್ಷೆ ಇದು. ಖರ್ಚು ಸೊನ್ನೆ.

ಪಂಪಿನ ಎರಡು ಪಿನ್‌ಗಳ ಮಧ್ಯೆ ರೆಸಿಸ್ಟೆನ್ಸ್ ನೋಡಿದೆ. ತಂತಿ ಕತ್ತರಿಸಿದ ಹಾಗೆ, ಏನೂ ಇಲ್ಲ. ಪಂಪನ್ನು ಟ್ಯಾಂಕಿಗೆ ಕೂರಿಸಿರುವ ಮೇಲಿನ ತಟ್ಟೆಯನ್ನು ಸ್ವಲ್ಪ ಅಲುಗಾಡಿಸಿದಾಗ ಒಂದು ಓಮ್ ಆಸುಪಾಸು ಬಂದು ಮತ್ತೆ ಮಾಯವಾಯಿತು. ಕನೆಕ್ಟರ್ ಹಾಕಿ, ಕೀ ಆನ್ ಮಾಡಿಸಿ, ರಬ್ಬರ್ ಸುತ್ತಿಗೆಯಿಂದ ಆ ತಟ್ಟೆಗೆ ಮೆಲ್ಲಗೆ ತಟ್ಟಿದೆ. ಒಂದು, ಎರಡು, ಮೂರನೇ ಏಟಿಗೆ ಗುಂಯ್ ಅಂತು. ಭಾವ ಖುಷಿಯಲ್ಲಿ ಸೆಲ್ಫ್ ಹೊಡೆದರು, ಎಂಜಿನ್ ಹಿಡಿಯಿತು. ಅಕ್ಕ ಒಳಗಿಂದ ಬಂದು ಚಪ್ಪಾಳೆ ತಟ್ಟಿದಳು. "ಇನ್ನೇನು ಸರಿ ಹೋಯ್ತಲ್ಲ, ಒಂದು ರೌಂಡ್ ಹೋಗಿ ಬರೋಣ" ಅಂದರು ಭಾವ. ಬೇಡ ಅಂದೆ. ಏಟು ತಿಂದು ಎದ್ದ ಪಂಪು ಹೆದ್ದಾರಿ ಮಧ್ಯೆ, ಹಿಂದೆ ಲಾರಿ ಬರುತ್ತಿರುವಾಗ ಮಲಗಿದರೆ ಏನು ಗತಿ?

ಓಡುತ್ತಿರುವಾಗಲೇ ಒತ್ತಡ ಅಳೆಯಬೇಕಿತ್ತು. ಈ ಎಂಜಿನ್ನಿನಲ್ಲಿ ಗೇಜ್ ಸಿಕ್ಕಿಸಲು ಜಾಗ ಕೊಟ್ಟಿಲ್ಲ. ಎಂಜಿನ್ ನಿಲ್ಲಿಸಿ, ಪೈಪ್ ಜಾಯಿಂಟಿಗೆ ಬಟ್ಟೆ ಸುತ್ತಿ ಬಿಚ್ಚಿ, ಮಧ್ಯೆ ಇಂಗ್ಲಿಷಿನ ಟಿ (T) ಆಕಾರದ ಒಂದು ಜಾಯಿಂಟ್ ಜೋಡಿಸಿ ಗೇಜ್ ಹಾಕಿದೆ. ಮತ್ತೆ ಸುತ್ತಿಗೆ ಏಟು, ಮತ್ತೆ ಸ್ಟಾರ್ಟ್. ಪೆಟ್ರೋಲ್ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಬಿಚ್ಚಿಟ್ಟಾಗ 38ರಿಂದ 46 ಪಿಎಸ್‌ಐ (ಒತ್ತಡದ ಅಳತೆ) ಇರಬೇಕು. ಗೇಜ್ ತೋರಿಸಿದ್ದು 22, ಅದೂ ನಡುಗುತ್ತಾ. ಕ್ಲ್ಯಾಂಪ್ ಮೀಟರಿನಲ್ಲಿ ಪಂಪಿನ ಕರೆಂಟ್ ಎರಡು ಆಂಪ್ಸ್, ಏಳು, ಮೂರು ಅಂತ ಹಾರಾಡುತ್ತಿತ್ತು. ನಾಲ್ಕು ನಿಮಿಷಕ್ಕೆ ನಿಂತುಹೋಯಿತು. ಆಮೇಲೆ ಎಷ್ಟು ತಟ್ಟಿದರೂ ಏಳಲಿಲ್ಲ.

ಹೋದ ಸೆಪ್ಟೆಂಬರಿನ ಕಥೆ ಈಗ ತಾನೇ ಕೂಡಿಕೊಂಡಿತು. ಜಾಸ್ತಿ ಆರ್‌ಪಿಎಂ ಅಂದರೆ ಜಾಸ್ತಿ ಪೆಟ್ರೋಲ್, ದುರ್ಬಲ ಪಂಪಿಗೆ ಅಷ್ಟು ಕೊಡಲು ಆಗುತ್ತಿರಲಿಲ್ಲ. ಪ್ಲಗ್ ಬದಲಾಯಿಸಿದ ದಿನವೇ ಯಾರಾದರೂ ಹತ್ತು ನಿಮಿಷ ಗೇಜ್ ಹಾಕಿ ನೋಡಿದ್ದರೆ ಆ 380 ಡಾಲರ್ ಉಳಿಯುತ್ತಿತ್ತು. ನನಗೆ ಬೇಜಾರಾಗುವುದು ದುಡ್ಡಿಗಲ್ಲ. ಕಾರು ತನ್ನ ನೋವನ್ನು ಸ್ಪಷ್ಟವಾಗಿ ಹೇಳುತ್ತಿತ್ತು, ಕೇಳಿಸಿಕೊಳ್ಳಲಿಲ್ಲ ಅನ್ನುವುದಕ್ಕೆ.

ಭಾನುವಾರ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಪಂಪ್ ಆಚೆ ತೆಗೆದೆವು. ತಟ್ಟೆಯ ಸ್ಕ್ರೂಗಳು ಕಚ್ಚಿಕೊಂಡಿದ್ದವು. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದರಿಂದ ತಲೆ ಸವೆಯದೆ ಬಂದವು. ಪಂಪಿನ ಅಡಿ ಇರುವ ಜಾಲರಿ ಬಿಳಿ ಇರಬೇಕಾದದ್ದು, ಕಾಫಿ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ಉಜ್ಜಿದರೆ ಸಣ್ಣ ತುಕ್ಕಿನ ಪುಡಿ.

ಸಿಕ್ಕಿತಲ್ಲ, ಹೊಸದು ಹಾಕಿ ಮುಚ್ಚೋಣ ಅನ್ನುವುದು ಭಾವನ ಆತುರ. ಆದರೆ ಪಂಪ್ ಸತ್ತಿದ್ದು ಯಾಕೆ ಅನ್ನುವುದಕ್ಕೆ ಉತ್ತರ ಸಿಗದೆ ಹೊಸ ಪಂಪನ್ನು ಅದೇ ಟ್ಯಾಂಕಿಗೆ ಇಳಿಸಲು ನನಗೆ ಮನಸ್ಸು ಬರಲಿಲ್ಲ. ಕೈ ಪಂಪಿನ ಪೈಪನ್ನು ಟ್ಯಾಂಕಿನ ತೀರಾ ಮೂಲೆಗೆ ಇಳಿಸಿ ಸ್ವಲ್ಪ ಪೆಟ್ರೋಲನ್ನು ಒಂದು ಖಾಲಿ ಉಪ್ಪಿನಕಾಯಿ ಬಾಟಲಿಗೆ ತೆಗೆದುಕೊಂಡೆ. ಕಟ್ಟೆ ಮೇಲಿಟ್ಟು ಕಾಯ್ದೆವು. ಮಜ್ಜಿಗೆ ಇಟ್ಟರೆ ತಿಳಿ ಬೇರೆಯಾಗಿ ನಿಲ್ಲುತ್ತದಲ್ಲ, ಹಾಗೆ ಹತ್ತು ನಿಮಿಷದಲ್ಲಿ ಬಾಟಲಿಯ ತಳದಲ್ಲಿ ತೆಳ್ಳನೆ ಒಂದು ಪದರ ಬೇರೆಯಾಯಿತು. ಮೇಲೆ ಹಳದಿ ಪೆಟ್ರೋಲು, ಕೆಳಗೆ ಮಬ್ಬು ನೀರು, ಎರಡರ ಮಧ್ಯೆ ಕಂದು ಪುಡಿಯ ಒಂದು ಗೆರೆ.

ಅಮೆರಿಕದ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಒಂದು ಮಿತಿವರೆಗೆ ನೀರು ಪೆಟ್ರೋಲಿನಲ್ಲೇ ಕರಗಿಕೊಂಡಿರುತ್ತದೆ. ಮಿತಿ ದಾಟಿದರೆ ನೀರೂ ಎಥೆನಾಲೂ ಒಟ್ಟಿಗೆ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ಅರ್ಧ ಗಾಳಿ ಇರುತ್ತದೆ, ರಾತ್ರಿ ತಣ್ಣಗಾಗಿ ಹಗಲು ಬೆಚ್ಚಗಾದಾಗೆಲ್ಲ ಹೊರಗಿನ ತೇವ ಒಳಗೆ ಬರುತ್ತದೆ. ಒಂಬತ್ತು ಚಳಿಗಾಲ, ಪ್ರತಿ ಸಲ ಐದು ತಿಂಗಳು. ಟ್ಯಾಂಕ್ ಉಕ್ಕಿನದು. ತಳದಲ್ಲಿ ನೀರು ನಿಂತರೆ ತುಕ್ಕು ಹಿಡಿಯದೆ ಇರುತ್ತದೆಯೇ?

ಊರಲ್ಲಿ ಹಳೇ ಕಾರು ಇಟ್ಟುಕೊಂಡವರಿಗೂ ಇದನ್ನು ಹೇಳಬೇಕು. ಈಗ ನಮ್ಮ ಬಂಕುಗಳಲ್ಲಿ ಬರುತ್ತಿರುವುದು ನೂರಕ್ಕೆ ಇಪ್ಪತ್ತು ಎಥೆನಾಲ್ ಇರುವ ಪೆಟ್ರೋಲು. ದಿನಾ ಓಡಿಸುವ ಕಾರಿನಲ್ಲಿ ಪೆಟ್ರೋಲ್ ಹಳತಾಗುವ ಮುಂಚೆ ಖರ್ಚಾಗುತ್ತದೆ, ನೀರು ಸೇರಲು ಸಮಯವೇ ಇಲ್ಲ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಲ್ಲಿಸುವ ಕಾರಿನ ಲೆಕ್ಕವೇ ಬೇರೆ.

ಹಳೇ ಪಂಪನ್ನು ಒಣಗಿಸಿ ಗರಗಸದಿಂದ ಕೊಯ್ದು ನೋಡಿದೆ. ಮಿಕ್ಸಿ ನಿಂತಾಗ ರಿಪೇರಿಯವರು "ಕಾರ್ಬನ್ ಹೋಗಿದೆ" ಅಂತಾರಲ್ಲ, ಅದೇ ಇಲ್ಲೂ. ಎರಡು ಕಾರ್ಬನ್ ಬ್ರಷ್‌ಗಳಲ್ಲಿ ಒಂದು ಪೂರ್ತಿ ಸವೆದಿತ್ತು, ಇನ್ನೊಂದು ಕಂದು ಅಂಟಿನಲ್ಲಿ ತನ್ನ ಗೂಡಿನೊಳಗೇ ಸಿಕ್ಕಿಹಾಕಿಕೊಂಡಿತ್ತು. ಸುತ್ತಿಗೆ ಏಟಿಗೆ ಅದು ಅಲುಗಿ ಕಮ್ಯುಟೇಟರಿಗೆ (ಬ್ರಷ್‌ನಿಂದ ಕರೆಂಟ್ ತೆಗೆದುಕೊಳ್ಳುವ, ಮೋಟರಿನ ತಿರುಗುವ ಭಾಗಕ್ಕೆ) ತಾಗುತ್ತಿತ್ತು, ಹಾಗಾಗಿ ಮೋಟರ್ ಎದ್ದು ಓಡುತ್ತಿತ್ತು. ಪೆಟ್ರೋಲ್ ಎಳೆಯುವ ಕಡೆಯಲ್ಲಿ ತುಕ್ಕಿನ ಪುಡಿ ಗೀಚಿದ ಗೆರೆಗಳು ಬರಿಗಣ್ಣಿಗೇ ಕಂಡವು.

ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಹೊಸ ಪೆಟ್ರೋಲ್ ಸ್ವಲ್ಪ ಸ್ವಲ್ಪವೇ ಹಾಕಿ ನಾಲ್ಕು ಸಲ ತೊಳೆದು ತೆಗೆದೆವು. ಕೊಳವೆ ಕ್ಯಾಮೆರಾ ಬಿಟ್ಟು ನೋಡಿದಾಗ ತುಕ್ಕು ಒಂದೇ ಮೂಲೆಯಲ್ಲಿತ್ತು, ತೂತು ಬಿದ್ದಿರಲಿಲ್ಲ. ಕೊಳಕು ಪೆಟ್ರೋಲನ್ನು ಕ್ಯಾನಿನಲ್ಲಿ ಮುಚ್ಚಿಟ್ಟು ಅಪಾಯಕಾರಿ ಕಸ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಟ್ಟರು ಭಾವ.

ಆರ್ಡರ್ ಮಾಡಿದ್ದ ಪಂಪ್ ಸರಿಯಾದ ಅಳತೆಯದೇ ಇತ್ತು. ಆದರೆ ಅದರ ಜೊತೆ ಬಂದ ಪೈಪ್ ತುಂಡನ್ನು ನಾನು ಹಾಕಲಿಲ್ಲ. ಟ್ಯಾಂಕಿನ ಒಳಗೆ ಪೆಟ್ರೋಲಿನಲ್ಲಿ ಮುಳುಗಿರುವ ಪೈಪಿಗೆ ಹೊರಗಡೆಯೂ ಪೆಟ್ರೋಲ್ ತಡೆಯುವ ಗುಣ ಬೇಕು. ಅಂಥ ಪೈಪಿನ ಮೇಲೆ 30ಆರ್10 ಅಂತ ಅಚ್ಚು ಇರುತ್ತದೆ. ಮಾಮೂಲಿ ಪೆಟ್ರೋಲ್ ಪೈಪ್ ಹೊರಗಿನಿಂದ ಮೆತ್ತಗಾಗಿ, ಒಂದು ದಿನ ಬಿರುಕು ಬಿಟ್ಟು, ಪಂಪ್ ಚೆನ್ನಾಗಿದ್ದರೂ ಒತ್ತಡವೆಲ್ಲ ಟ್ಯಾಂಕಿನೊಳಗೇ ಸೋರಿಹೋಗುತ್ತದೆ. ಸರಿಯಾದ ಪೈಪ್, ಹೊಸ ಜಾಲರಿ, ಹೊಸ ಗ್ಯಾಸ್ಕೆಟ್, ಕಾರಿನ ತಳದಲ್ಲಿರುವ ಫಿಲ್ಟರ್. ಎಲ್ಲಾ ಸೇರಿ 170 ಡಾಲರ್ ಆಯಿತು.

ಎಫ್/ಪಿ, ಜಿಎನ್‌ಡಿ ಮತ್ತೆ ಜೋಡಿಸಿದೆ. ಕೀ ಆನ್ ಮಾಡಿದ ಕೂಡಲೇ ಸಣ್ಣಗೆ, ಒಂದೇ ಸ್ವರದಲ್ಲಿ ಗುಂಯ್. ಸೋರಿಕೆ ಇಲ್ಲ ಅಂತ ಎಲ್ಲಾ ಜಾಯಿಂಟ್ ಒರೆಸಿ ನೋಡಿದ ಮೇಲೆ ಸ್ಟಾರ್ಟ್ ಮಾಡಿದೆವು. ವ್ಯಾಕ್ಯೂಮ್ ಪೈಪ್ ಬಿಚ್ಚಿದಾಗ 42 ಪಿಎಸ್‌ಐ, ಹಾಕಿದಾಗ 34. ಕರೆಂಟ್ ನಾಲ್ಕೂವರೆ ಆಂಪ್ಸಿನಲ್ಲಿ ಅಲುಗದೆ ನಿಂತಿತು. ಎಂಜಿನ್ ನಿಲ್ಲಿಸಿ ಐದು ನಿಮಿಷ ಬಿಟ್ಟು ನೋಡಿದರೂ ಗೇಜಿನಲ್ಲಿ 30 ಇತ್ತು. ಆಮೇಲೆ ಗೇಜ್ ತೆಗೆದು, ಪೈಪ್ ಮೊದಲಿನ ಹಾಗೆ ಜೋಡಿಸಿ, ಐ-96ರಲ್ಲಿ ಮೂರನೇ ಗೇರಿನಲ್ಲಿ 6,000ದವರೆಗೆ ಎಳೆದರು ಭಾವ. ಎಲ್ಲೂ ತಡವರಿಸಲಿಲ್ಲ. ಟಾಪ್ ತೆರೆದಿದ್ದರು, ಏಪ್ರಿಲ್ ಚಳಿಗೆ ಇಬ್ಬರ ಕಿವಿಯೂ ಕೆಂಪಾಗಿತ್ತು.

ಐನೂರು ಮೈಲಿ ಓಡಿದ ಮೇಲೆ ಹೊಸ ಫಿಲ್ಟರನ್ನೂ ಬಿಚ್ಚಿ ಕೊಯ್ದು ನೋಡೋಣ ಅಂತ ನಾನೇ ಹೇಳಿದ್ದೆ, ಟ್ಯಾಂಕ್ ನಿಜವಾಗಿಯೂ ಶುಚಿಯಾಗಿದೆಯಾ ಅಂತ ತಿಳಿಯಲು ಬೇರೆ ದಾರಿ ಇರಲಿಲ್ಲ. ಜೂನ್‌ನಲ್ಲಿ ನೋಡಿದೆವು. ಬಿಳಿ ಕಾಗದದ ಮೇಲೆ ಕೊಡವಿದಾಗ ಬಿದ್ದದ್ದು ಏಳೆಂಟು ಕಂದು ಕಣ, ಅಷ್ಟೇ. ಇನ್ನೊಂದು ಫಿಲ್ಟರ್ ಹಾಕಿ ಮುಚ್ಚಿದೆವು. ಈ ನವೆಂಬರ್‌ನಲ್ಲಿ ಟ್ಯಾಂಕ್ ಗಂಟಲವರೆಗೆ ತುಂಬಿಸಿ, ಪೆಟ್ರೋಲ್ ಕೆಡದ ಹಾಗೆ ಹಾಕುವ ದ್ರಾವಣ ಬೆರೆಸಿ, ಅದು ಲೈನಿಗೂ ಹೋಗಲಿ ಅಂತ ಹತ್ತು ಮೈಲಿ ಓಡಿಸಿ ಬಂದ ಮೇಲೇ ಭಾವ ಹೊದಿಕೆ ಹಾಕಿದ್ದು.